ಪದಚರ್ಚೆ: ‘ಆದ್ಯತಾ ಸಂಗ್ರಹಣೆ’ಯೋ ‘ಖರೀದಿ ಆದ್ಯತೆ’ಯೋ? ಶುಕ್ರವಾರದೊಳಗೆ ಬೇಕು

ಪೀಣ್ಯದಿಂದ:

ಬಲ್ಲವರಿಗೆ ನಮಸ್ಕಾರ. ಪೀಣ್ಯದ ಸಣ್ಣ ಉದ್ಯಮಿಗಳಿಗಾಗಿ ಸರ್ಕಾರಿ ಟೆಂಡರುಗಳ ಬಗ್ಗೆ ಒಂದು ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಶನಿವಾರ ಕಾರ್ಯಾಗಾರ. ಮಾಹಿತಿ ಮೇಜಿನ ಫಲಕಕ್ಕೂ ಇದೇ ಪದ ಬೇಕು. ಅಚ್ಚಿನವರು ಶುಕ್ರವಾರ ಬೆಳಿಗ್ಗೆಯೇ ಕೇಳಿದ್ದಾರೆ. ಮೂಲದಲ್ಲಿರುವುದು ‘ಪ್ರಿಫರೆನ್ಷಿಯಲ್ ಪ್ರೊಕ್ಯೂರ್‌ಮೆಂಟ್’, ಅಂದರೆ ಸರ್ಕಾರ ಟೆಂಡರು ಕರೆದು ಪಡೆಯುವಾಗ ಕೆಲವು ವರ್ಗದವರಿಗೆ ಆದ್ಯತೆ ಕೊಡುವುದು. ನಾನು ‘ಆದ್ಯತಾ ಸಂಗ್ರಹಣೆ’ ಎಂದು ಬರೆದೆ. ಕರಡು ಓದಿದ ಇಬ್ಬರು ಕಾರ್ಖಾನೆ ಮಾಲೀಕರು ಅದು ಗೋದಾಮಿಗೆ ಸಂಬಂಧಿಸಿದ್ದು ಎಂದುಕೊಂಡರು. ಪತ್ರಿಕೆಗಳಲ್ಲಿ ‘ಗುತ್ತಿಗೆ ಮೀಸಲಾತಿ’ ಎಂದು ಓದಿದ್ದೇನೆ. ಅದನ್ನೇ ಇಟ್ಟುಕೊಳ್ಳಲೇ?

ಶಾಂತಿನಗರದಿಂದ:

ರಾಜ್ಯದ ಸರ್ಕಾರಿ ಟೆಂಡರುಗಳ ಕಾಯ್ದೆಯ ಹೆಸರೇ ‘ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999’. ಇಷ್ಟು ವರ್ಷಗಳಿಂದ ಚಲಾವಣೆಯಲ್ಲಿರುವ ಪದವನ್ನು ಇಬ್ಬರಿಗೆ ಅರ್ಥವಾಗಲಿಲ್ಲವೆಂದು ಬದಲಿಸುವುದು ಸರಿಯಲ್ಲ. ‘ಖರೀದಿ’ ಎಂಬ ಸಲಹೆ ಬರುವ ಮೊದಲೇ ಹೇಳಿಬಿಡುತ್ತೇನೆ: ಪ್ರೊಕ್ಯೂರ್‌ಮೆಂಟಿನಲ್ಲಿ ಸರಕು, ಸೇವೆ, ಕಾಮಗಾರಿ ಮೂರೂ ಸೇರಿವೆ. ಚರಂಡಿಯನ್ನು ಕಟ್ಟಿಸುತ್ತಾರೆ, ಖರೀದಿಸುವುದಿಲ್ಲ. ಇರುವುದನ್ನು ಬಳಸಿ.

ಬಸವನಗುಡಿಯಿಂದ:

ಚರಂಡಿಯನ್ನು ಸಂಗ್ರಹಿಸುವುದೂ ಇಲ್ಲವಲ್ಲ ಸರ್. ತೆರಿಗೆ ಸಂಗ್ರಹ, ಹಾಲು ಸಂಗ್ರಹ, ನೀರು ಸಂಗ್ರಹ ಎನ್ನುವಲ್ಲೆಲ್ಲ ಚದುರಿದ್ದನ್ನು ಒಂದೆಡೆ ಕೂಡಿಸುವ ಅರ್ಥವಿದೆ. ಹಣ ಕೊಟ್ಟು ಪಡೆಯುವ ಅರ್ಥ ಅದಕ್ಕೆ ಎಂದೂ ಅಂಟಿಲ್ಲ. ಕಾಯ್ದೆಯಲ್ಲಿ ಬಂದ ಮಾತ್ರಕ್ಕೆ ತಪ್ಪು ಪದ ಸರಿಯಾಗುವುದಿಲ್ಲ.

ನನ್ನ ಓಟು ‘ಮೀಸಲು’ ಪದಕ್ಕೆ. ‘ಮೀಸಲಾತಿ’ ಅಲ್ಲ, ಬರಿಯ ‘ಮೀಸಲು’. ಇದು ಅಚ್ಚಗನ್ನಡ. ಹಬ್ಬದ ಅಡುಗೆಯಲ್ಲಿ ದೇವರಿಗೆಂದು ಮೊದಲೇ ಎತ್ತಿಟ್ಟದ್ದು ಮೀಸಲು, ಬೇರೆಯವರು ಮುಟ್ಟಿದರೆ ಮೀಸಲು ಮುರಿಯಿತು. ಮನೆಯಲ್ಲಿ ಯಾರಿಗಾದರೂ ಕಾಯಿಲೆಯಾದಾಗ ಅರಿಸಿನ ಬಟ್ಟೆಯಲ್ಲಿ ನಾಣ್ಯ ಕಟ್ಟಿಡುತ್ತಿದ್ದುದೂ ಮೀಸಲೇ. ಇಂಥ ಪದ ಕೈಯಲ್ಲಿರುವಾಗ ಸಂಸ್ಕೃತದ ‘ಆದ್ಯತೆ’ಗೂ ಪಾರಸಿಯ ‘ಖರೀದಿ’ಗೂ ಕೈಚಾಚಬೇಕೇಕೆ? ‘ಮೀಸಲು ಕೊಳ್ವಿಕೆ’ ಎಂದು ಬರೆಯಿರಿ. ಕೊಳ್ಳು ಎಂಬ ಧಾತುವಿಗೆ ಪಡೆಯುವುದು ಎಂಬ ಅರ್ಥವೂ ಇರುವುದರಿಂದ ಕಾಮಗಾರಿಯೂ ಅದರೊಳಗೆ ಬರುತ್ತದೆ.

ಮಲ್ಲೇಶ್ವರದಿಂದ:

ಪೀಣ್ಯದ ಮಿತ್ರರೇ, ದಯವಿಟ್ಟು ‘ಮೀಸಲು’ ಬರೆಯಬೇಡಿ. ಬಸವನಗುಡಿಯವರು ಕೊಟ್ಟ ವಿವರಣೆ ಸೊಗಸಾಗಿದೆ, ಒಪ್ಪುತ್ತೇನೆ. ಆ ವಿವರಣೆಯೇ ಇಲ್ಲಿ ಆ ಪದ ಏಕೆ ಸಲ್ಲದು ಎಂಬುದನ್ನೂ ಹೇಳುತ್ತದೆ. ಮೀಸಲೆಂದರೆ ಬೇರೆಯವರು ಮುಟ್ಟುವಂತಿಲ್ಲ. ನಮ್ಮ ರಾಜ್ಯದ ಕಾಯ್ದೆಯಲ್ಲಿ ಅಂಥದ್ದು ನಿಜವಾಗಿಯೂ ಇದೆ: ನಿಗದಿತ ಮೊತ್ತದೊಳಗಿನ ಕಾಮಗಾರಿಗಳಲ್ಲಿ ಪರಿಶಿಷ್ಟ ಜಾತಿಯ ಗುತ್ತಿಗೆದಾರರಿಗೆ ಶೇ 17.15, ಪರಿಶಿಷ್ಟ ಪಂಗಡದವರಿಗೆ ಶೇ 6.95. ಮೊದಲು 50 ಲಕ್ಷ ರೂಪಾಯಿ ಇದ್ದ ಆ ಮಿತಿ 2023ರಲ್ಲಿ 1 ಕೋಟಿಗೆ ಏರಿತು. ಆ ಕಾಮಗಾರಿಗಳಿಗೆ ಟೆಂಡರು ಹಾಕುವವರೇ ಆ ವರ್ಗದವರು. ಅದು ಮೀಸಲು. 2025ರ ತಿದ್ದುಪಡಿ ಮಸೂದೆಯ ಗದ್ದಲದಲ್ಲಿ ನೀವು ಪತ್ರಿಕೆಗಳಲ್ಲಿ ಓದಿದ ‘ಗುತ್ತಿಗೆ ಮೀಸಲಾತಿ’ಯೂ ಅದೇ.

ನಿಮ್ಮ ಕೈಪಿಡಿಯಲ್ಲಿರುವುದು ಬಹುಪಾಲು ಬೇರೆಯದು. ಕೇಂದ್ರದ 2012ರ ನೀತಿಯಂತೆ ಸಚಿವಾಲಯಗಳೂ ಕೇಂದ್ರದ ಸಾರ್ವಜನಿಕ ಉದ್ಯಮಗಳೂ ವರ್ಷದ ಖರೀದಿಯಲ್ಲಿ ಶೇ 25ರಷ್ಟನ್ನು ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಂದ ಮಾಡಬೇಕು. ಅದರೊಳಗೆ ಶೇ 4 ಪರಿಶಿಷ್ಟ ಜಾತಿ, ಪಂಗಡದವರ ಉದ್ಯಮಗಳಿಂದ, ಶೇ 3 ಮಹಿಳೆಯರ ಉದ್ಯಮಗಳಿಂದ. ಸಣ್ಣ ಉದ್ಯಮಗಳಿಗೆಂದೇ ಮೀಸಲಿಟ್ಟ ಕೆಲವು ವಸ್ತುಗಳನ್ನು ಬಿಟ್ಟರೆ ಟೆಂಡರು ಸಾಮಾನ್ಯವಾಗಿ ಎಲ್ಲರಿಗೂ ತೆರೆದಿರುತ್ತದೆ. ದೊಡ್ಡ ಕಂಪನಿಯೊಂದು 100 ರೂಪಾಯಿಗೆ ಎಲ್‌1 (ಅತಿ ಕಡಿಮೆ ದರ ಬರೆದವರು) ಆಯಿತು, ಸಣ್ಣ ಉದ್ಯಮಿ 112 ಬರೆದಿದ್ದಾನೆ ಎನ್ನೋಣ. ಎಲ್‌1ಗಿಂತ ಶೇ 15ರೊಳಗೆ ಇರುವುದರಿಂದ ಅವನನ್ನು ಕರೆದು, 100ಕ್ಕೆ ಇಳಿಯಲು ಒಪ್ಪಿದರೆ ಒಟ್ಟು ಮೊತ್ತದ ಶೇ 25ರವರೆಗೆ ಪೂರೈಸಲು ಅವಕಾಶ ಕೊಡುತ್ತಾರೆ. ‘ಮೇಕ್ ಇನ್ ಇಂಡಿಯಾ’ಕ್ಕೆ ಸಂಬಂಧಿಸಿದ 2017ರ ಆದೇಶದಲ್ಲಿ ದೇಶೀಯ ಪೂರೈಕೆದಾರರಿಗೂ ಹೀಗೆ ಎಲ್‌1 ದರಕ್ಕೆ ಇಳಿಯುವ ದಾರಿಯೇ, ಅಲ್ಲಿ ಅಂತರ ಶೇ 20. ಎರಡರಲ್ಲೂ ಹೆಚ್ಚಿನ ಬೆಲೆ ಯಾರಿಗೂ ಸಿಗುವುದಿಲ್ಲ. ಇಂಥ ಟೆಂಡರಿನಲ್ಲಿ ಎತ್ತಿಟ್ಟ ತಟ್ಟೆಯೂ ಇಲ್ಲ.

ನಾನು ಲೆಕ್ಕಪತ್ರ ವಿಭಾಗದಲ್ಲಿ ಟೆಂಡರುಗಳ ತುಲನಾತ್ಮಕ ಪಟ್ಟಿ ತಯಾರಿಸುತ್ತಲೇ ನಿವೃತ್ತಳಾದವಳು. ಒಂದು ಕನ್ನಡ ಸೂಚನಾಪತ್ರದಲ್ಲಿ ಇದಕ್ಕೆ ‘ದರ ಆದ್ಯತೆ’ ಎಂದು ಅಚ್ಚಾಗಿತ್ತು. ಅದನ್ನು ನಂಬಿದ ಒಬ್ಬ ವೆಲ್ಡಿಂಗ್ ಶೆಡ್ಡಿನವರು ತಮ್ಮ ದರವೇ ಸಿಗುತ್ತದೆ ಎಂದು ಲೆಕ್ಕಹಾಕಿ ಬರೆದಿದ್ದರು. ಎಲ್‌1 ದರಕ್ಕೆ ಒಪ್ಪುವಿರಾ ಎಂದು ಕೇಳಿದ ದಿನ ಅವರು ನನ್ನ ಮೇಜಿನ ಮುಂದೆ ನಿಂತು ಆ ಕಾಗದವನ್ನು ಎರಡು ಸಲ ಓದಿದರು. ‘ಮೇಡಂ, ದರದಲ್ಲಿ ಆದ್ಯತೆ ಎಂದು ನೀವೇ ಬರೆದಿದ್ದೀರಲ್ಲ’ ಎಂದರು. ಉತ್ತರ ಕೊಡಲು ನನಗೆ ಆಗಲಿಲ್ಲ. ಅದಕ್ಕಾಗಿಯೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

‘ಖರೀದಿ ಆದ್ಯತೆ’ ಎನ್ನಿ. ಆದ್ಯ ಎಂದರೆ ಮೊದಲನೆಯದು, ಆದ್ಯತೆ, ಮೊದಲಾಗಿರುವಿಕೆ. ಇಲ್ಲಿ ನಡೆಯುವುದೂ ಅದೇ, ಅವನಿಗೆ ಕರೆ ಮೊದಲು ಹೋಗುತ್ತದೆ. ಶಾಂತಿನಗರದವರ ಆಕ್ಷೇಪಕ್ಕೆ: ಬೆಂಬಲ ಬೆಲೆಗೆ ರಾಗಿ ಕೊಳ್ಳುವ ಕಡೆ ಸರ್ಕಾರವೇ ‘ಖರೀದಿ ಕೇಂದ್ರ’ ಎಂದು ಫಲಕ ಹಾಕುತ್ತದೆ. ಅದೂ ಇಂಗ್ಲಿಷಿನಲ್ಲಿ ಪ್ರೊಕ್ಯೂರ್‌ಮೆಂಟೇ.

ಬಸವನಗುಡಿಯಿಂದ:

ನಿಯಮದ ವಿವರ ತಿಳಿಯಿತು, ‘ಮೀಸಲು’ ಹಿಂದಕ್ಕೆ ಪಡೆಯುತ್ತೇನೆ. ‘ಖರೀದಿ’ಯನ್ನು ಒಪ್ಪಲಾರೆ. ಟೆಂಡರು, ಠೇವಣಿ, ಕಾಮಗಾರಿ, ಖರೀದಿ: ಕಚೇರಿಯ ಒಂದು ಸಾಲಿನಲ್ಲಿ ನಮ್ಮದು ಎನ್ನಲು ವಿಭಕ್ತಿ ಪ್ರತ್ಯಯಗಳಷ್ಟೇ ಉಳಿದಿವೆ. ‘ಗುತ್ತಿಗೆ’ ಒಂದು ಬದುಕಿಕೊಂಡಿದೆ. ಶಾಸನಗಳ ಕಾಲದ ‘ಗುತ್ತಗೆ’ ಅದು, ತಮಿಳಿನಲ್ಲಿ ಕುತ್ತಗೈ, ತೆಲುಗಿನಲ್ಲಿ ಗುತ್ತ. ಅದು ಉಳಿಯಲು ಸಾಧ್ಯವಾದರೆ ‘ಕೊಳ್ಳು’ ಏಕೆ ಉಳಿಯಬಾರದು? ಪ್ರತಿ ಸಲವೂ ‘ಜನಕ್ಕೆ ತಿಳಿದಿದೆ’ ಎಂಬ ನೆಪ ಕೇಳಿ ಸಾಕಾಗಿದೆ.

ಶಾಂತಿನಗರದಿಂದ:

‘ಕಾಯ್ದೆ’ ಅರಬ್ಬಿ, ‘ಹರಾಜು’ ಅರಬ್ಬಿ, ‘ಠೇವಣಿ’ ಮರಾಠಿ. ಇವೆಲ್ಲ ಮೈಸೂರು ಸಂಸ್ಥಾನದ ಕಡತಗಳ ಕಾಲದಿಂದ ಕನ್ನಡವೇ. ಪದದ ಊರು ಹುಡುಕುವ ಕೆಲಸಕ್ಕೆ ಬೇರೆ ಸಮಯವಿದೆ. ಕೇಳಿದವರಿಗೆ ಶುಕ್ರವಾರದೊಳಗೆ ಬೇಕಾಗಿದೆ. ‘ಕೊಳ್ವಿಕೆ’ಯನ್ನು ಯಾವ ಗುಮಾಸ್ತರೂ ಬರೆಯುವುದಿಲ್ಲ.

ರಾಗಿ ಕೇಂದ್ರದ ಮಾತು ಸರಕಿಗೆ ಸರಿ. ಕಾಮಗಾರಿಯ ಅಧ್ಯಾಯದಲ್ಲಿ ‘ಸಂಗ್ರಹಣೆ’ಯೇ ಇರಲಿ. ಕಾಯ್ದೆಯ ಪದವನ್ನು ಬಿಟ್ಟರೆ ನಾಳೆ ಆ ಉದ್ಯಮಿ ಮೇಲ್ಮನವಿ ಬರೆಯುವಾಗ ಯಾವ ಪದದಿಂದ ಬರೆಯಬೇಕು?

ಮಲ್ಲೇಶ್ವರದಿಂದ:

ಒಪ್ಪಿದೆ. ಇನ್ನೊಂದು ಮಾತು ಬಿಟ್ಟುಹೋಗಿತ್ತು. ‘ಪ್ರಿಫರೆನ್ಷಿಯಲ್ ಪ್ರೊಕ್ಯೂರ್‌ಮೆಂಟ್’ ಎಂಬ ಜೋಡಿಪದ ಕಾನೂನಿನ ಹೆಸರಾಗಿಯೇ ಇರುವುದು ದಕ್ಷಿಣ ಆಫ್ರಿಕಾದಲ್ಲಿ, 2000ದ ಕಾಯ್ದೆಯಲ್ಲಿ. ಅಲ್ಲಿ 100 ಅಂಕಗಳಲ್ಲಿ 80 ಬೆಲೆಗೆ, 20 ಆದ್ಯತೆಗೆ. ದೊಡ್ಡ ಟೆಂಡರುಗಳಲ್ಲಿ 90 ಮತ್ತು 10. ಅಂಕ ಹೆಚ್ಚಾದರೆ ಹೆಚ್ಚು ಬೆಲೆ ಬರೆದವರೂ ಗೆಲ್ಲಬಹುದು. ನಿಮ್ಮ ಮೂಲದ ಪೀಠಿಕೆಯಲ್ಲಿ ಅದರ ಪ್ರಸ್ತಾಪ ಬಂದಿದ್ದರೆ ಅಲ್ಲಿ ‘ಆದ್ಯತಾ ಅಂಕ’ ಎಂದು ಬೇರೆಯಾಗಿ ಬರೆಯಿರಿ. ನಮ್ಮ ನಿಯಮದ ಜೊತೆ ಬೆರೆಸಿದರೆ ಮತ್ತೆ ಆ ವೆಲ್ಡಿಂಗ್ ಶೆಡ್ಡಿನ ಕಥೆಯೇ.

ಪೀಣ್ಯದಿಂದ:

ಎಲ್ಲರಿಗೂ ಕೃತಜ್ಞತೆಗಳು. ಪೀಠಿಕೆಯಲ್ಲಿ ದಕ್ಷಿಣ ಆಫ್ರಿಕಾ ಬಂದಿದೆ, ಸರಿಪಡಿಸಿದೆ. ಫಲಕಕ್ಕೆ ‘ಸರ್ಕಾರಿ ಟೆಂಡರುಗಳಲ್ಲಿ ಖರೀದಿ ಆದ್ಯತೆ: ಮಾಹಿತಿ’. ರಾಜ್ಯದ ಕಾಮಗಾರಿಗಳ ಅಧ್ಯಾಯಕ್ಕೆ ‘ಗುತ್ತಿಗೆಯಲ್ಲಿ ಮೀಸಲಾತಿ’. ಕಾಯ್ದೆಯ ಹೆಸರು ಬಂದಲ್ಲೆಲ್ಲ ‘ಸಂಗ್ರಹಣೆ’. ಇನ್ನು ಎಲ್‌1 ದರವನ್ನು ‘ಮ್ಯಾಚ್’ ಮಾಡುವುದು ಎಂಬುದಕ್ಕೆ? ‘ಹೊಂದಿಸುವುದು’ ಎಂದು ಬರೆದಿದ್ದೇನೆ, ತೃಪ್ತಿಯಿಲ್ಲ.

ಬಸವನಗುಡಿಯಿಂದ:

ಸರಿಗಟ್ಟುವುದು. ‘ಎಲ್‌1 ದರವನ್ನು ಸರಿಗಟ್ಟಲು ಒಪ್ಪಿದರೆ’.

ಮಲ್ಲೇಶ್ವರದಿಂದ:

ಇದು ಪದ! ಇಷ್ಟು ವರ್ಷ ನಾವು ‘ದರ ಮ್ಯಾಚಿಂಗ್’ ಎಂದೇ ಟಿಪ್ಪಣಿ ಬರೆದೆವು. ಜೊತೆಗೆ ‘ಎಲ್‌1 ದರಕ್ಕೆ ಇಳಿದು’ ಎಂಬುದನ್ನೂ ಒಂದು ಸಲ ಸೇರಿಸಿ. ಇಳಿಯಬೇಕು ಎಂಬುದು ಓದುವವರ ಕಣ್ಣಿಗೆ ಬೀಳಲಿ.

ಶಾಂತಿನಗರದಿಂದ:

‘ಸರಿಗಟ್ಟು’ ಒಪ್ಪಿಗೆ. ಕರಡಿನ ಮೂರನೆಯ ಪುಟದಲ್ಲಿ ‘ಬಿಡ್‌ದಾರ’ ಎಂದಿದೆ, ಐದನೆಯ ಪುಟದಲ್ಲಿ ‘ಬಿಡ್ಡುದಾರ’. ಯಾವುದಾದರೂ ಒಂದನ್ನು ಉಳಿಸಿ.

ಬಸವನಗುಡಿಯಿಂದ:

ಎರಡೂ ಬೇಡ. ‘ದರ ಸಲ್ಲಿಸಿದವರು’.