ಪಿಯುಸಿಯಲ್ಲಿ ಗಣಿತ ಓದಿಲ್ಲ, ಐಐಟಿ ಮದ್ರಾಸಿನ ಆನ್‌ಲೈನ್ ಬಿಎಸ್‌ನ ಮ್ಯಾಥ್ಸ್-1 ನನ್ನ ಕೈಲಿ ಆಗುತ್ತಾ?

ಸಾಗರ_ಅಕೌಂಟ್ಸ್:

ಎಲ್ಲರಿಗೂ ನಮಸ್ಕಾರ. ನಾನು ಸಾಗರದ ಹತ್ತಿರ ಒಂದು ಸಹಕಾರ ಸಂಘದಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮ, ಪಿಯುಸಿಯಲ್ಲಿ ಎಚ್‌ಇಬಿಎ (ಗಣಿತ ಇಲ್ಲದ ಕಾಮರ್ಸ್), ಆಮೇಲೆ ಬಿಕಾಂ. ಅಂದರೆ ಗಣಿತ ಅಂತ ನಾನು ಕೊನೆಗೆ ಓದಿದ್ದು ಎಸ್ಸೆಸ್ಸೆಲ್ಸಿಯಲ್ಲಿ. ಅದಾಗಿ ಹನ್ನೆರಡು ವರ್ಷ ಆಯ್ತು.

ಐಐಟಿ ಮದ್ರಾಸಿನ ಡೇಟಾ ಸೈನ್ಸ್ ಆನ್‌ಲೈನ್ ಡಿಗ್ರಿಗೆ ಸೇರಬೇಕು ಅಂತ ಎರಡು ವರ್ಷದಿಂದ ಆಸೆ ಇದೆ. ಜೆಇಇ ಬೇಡ, ವಯಸ್ಸಿನ ಮಿತಿ ಇಲ್ಲ, ಹನ್ನೆರಡನೇ ತರಗತಿ ಪಾಸಾಗಿದ್ದು ಹತ್ತನೇ ಕ್ಲಾಸಿನಲ್ಲಿ ಗಣಿತ ಮತ್ತು ಇಂಗ್ಲಿಷ್ ಓದಿದ್ದರೆ ಸಾಕು ಅಂತ ಗೊತ್ತಾದ ಮೇಲೆ ಧೈರ್ಯ ಬಂತು. ಅರ್ಜಿ ಹಾಕುವ ಮೊದಲು ಒಂದು ಸಲ ನೋಡೋಣ ಅಂತ ಮ್ಯಾಥ್ಸ್-1ರ ಮೊದಲ ವಾರದ ವಿಡಿಯೋಗಳನ್ನು ಯೂಟ್ಯೂಬಿನಲ್ಲಿ ನೋಡಿದೆ. ಸೆಟ್, ರಿಲೇಶನ್, ಫಂಕ್ಷನ್. ನಿಜ ಹೇಳಬೇಕು ಅಂದರೆ ನೋಡುವಾಗ ಎಲ್ಲಾ ಅರ್ಥ ಆಯ್ತು, ಮೇಷ್ಟ್ರು ನಿಧಾನವಾಗಿ ಚೆನ್ನಾಗಿಯೇ ಹೇಳುತ್ತಾರೆ. ಆದರೆ ಮಾರನೇ ದಿನ ಪ್ರಥಮ ಪಿಯು ಪುಸ್ತಕದಿಂದ ಅದೇ ಪಾಠದ ಹತ್ತು ಲೆಕ್ಕ ಮಾಡೋಕೆ ಕೂತರೆ ಸರಿ ಬಂದಿದ್ದು ಮೂರೇ ಮೂರು. ಎರಡು ಲೆಕ್ಕದಲ್ಲಂತೂ ಏನು ಕೇಳಿದ್ದಾರೆ ಅನ್ನೋದೇ ತಿಳಿಯಲಿಲ್ಲ.

ಈಗ ಭಯ ಶುರುವಾಗಿದೆ. ಫೀಸು ಕಟ್ಟಿ ಅರ್ಧಕ್ಕೆ ಬಿಡುವ ಹಾಗೆ ಆಗಬಾರದು. ಮನೆಯಲ್ಲಿ ನಾಲ್ಕು ವರ್ಷದ ಮಗಳಿದ್ದಾಳೆ, ನನಗೆ ಓದೋಕೆ ಸಿಗೋದು ರಾತ್ರಿ ಒಂಬತ್ತೂವರೆ ಮೇಲೆ. ನನ್ನಂಥ ಹಿನ್ನೆಲೆಯವರು ಯಾರಾದರೂ ಈ ಕೋರ್ಸ್ ಮಾಡಿದ್ದೀರಾ? ಮೊದಲು ಏನು ಓದಿಕೊಳ್ಳಬೇಕು?

ಪೀಣ್ಯ_ರಾತ್ರಿಪಾಳಿ:

ಅಕ್ಕಾ, ನಾನು ಡಿಪ್ಲೊಮಾ ಮಾಡಿ ಪೀಣ್ಯದಲ್ಲಿ ಕೆಲಸ ಮಾಡುತ್ತಿರುವವನು, ಈಗ ಅದೇ ಕೋರ್ಸಿನ ಮೊದಲ ಹಂತ, ಫೌಂಡೇಶನ್ ಲೆವೆಲ್‌ನಲ್ಲಿ ಇದ್ದೇನೆ. ಮೊದಲ ಸಲ ಕ್ವಾಲಿಫೈಯರ್ (ಕೋರ್ಸಿಗೆ ಸೇರೋಕೆ ಬರೆಯುವ ಅರ್ಹತಾ ಪರೀಕ್ಷೆ) ಪಾಸಾಗಲಿಲ್ಲ, ಮತ್ತೆ ಬರೆದಾಗ ಆಯ್ತು. ಹಾಗಾಗಿ ಎರಡೂ ಕಡೆಯದ್ದು ಹೇಳುತ್ತೇನೆ.

ಮೊದಲು ನಾಲ್ಕು ವಾರದ ಪಾಠ ಇರುತ್ತದೆ. ಇಂಗ್ಲಿಷ್, ಮ್ಯಾಥ್ಸ್, ಸ್ಟ್ಯಾಟಿಸ್ಟಿಕ್ಸ್, ಕಂಪ್ಯುಟೇಷನಲ್ ಥಿಂಕಿಂಗ್, ನಾಲ್ಕೂ ಒಟ್ಟಿಗೆ. ವಾರವಾರ ಅಸೈನ್‌ಮೆಂಟ್ ಕೊಡುತ್ತಾರೆ, ಅದರಲ್ಲಿ ಕನಿಷ್ಠ ಸರಾಸರಿ ಬಂದರೆ ಮಾತ್ರ ಪರೀಕ್ಷೆಗೆ ಕೂರಬಹುದು. ಪರೀಕ್ಷೆ ಮನೆಯಲ್ಲಿ ಬರೆಯುವಂಥದ್ದಲ್ಲ, ಕೇಂದ್ರಕ್ಕೇ ಹೋಗಬೇಕು, ನಾಲ್ಕು ವಿಷಯವೂ ಒಂದೇ ಕೂತಲ್ಲಿ ನಾಲ್ಕು ಗಂಟೆ. ಮ್ಯಾಥ್ಸ್‌ನಲ್ಲಿ ಮೊದಲ ವಾರ ಸೆಟ್ ಮತ್ತು ಫಂಕ್ಷನ್, ಎರಡನೇ ವಾರ ಸರಳರೇಖೆ, ಮೂರನೇ ವಾರ ಕ್ವಾಡ್ರಾಟಿಕ್, ನಾಲ್ಕನೇ ವಾರ ಪಾಲಿನಾಮಿಯಲ್. ಲಾಗರಿದಮ್, ಲಿಮಿಟ್, ಡೆರಿವೇಟಿವ್, ಗ್ರಾಫ್ ಥಿಯರಿ ಎಲ್ಲಾ ಪಾಸಾದ ಮೇಲೆ ಬರುವಂಥವು. ಅದನ್ನು ನೋಡಿ ಈಗಲೇ ಹೆದರಬೇಡಿ.

ನಾನು ಮೊದಲ ಸಲ ಬಿದ್ದಿದ್ದು ಯಾಕೆ ಅಂದರೆ, ಪಾಳಿ ಮುಗಿಸಿ ಬಂದು ಬಸ್ಸಿನಲ್ಲಿ, ಊಟದ ಹೊತ್ತಿನಲ್ಲಿ, ಮಲಗುವ ಮುಂಚೆ, ಎಲ್ಲಾ ಕಡೆ ವಿಡಿಯೋ ನೋಡಿದೆ. ಒಂದೂ ಬಿಡಲಿಲ್ಲ. ಆದರೆ ಪೆನ್ನು ಹಿಡಿದಿದ್ದು ಅಸೈನ್‌ಮೆಂಟ್ ಕೊನೆಯ ದಿನ ಮಾತ್ರ. ಎರಡನೇ ಸಲ 200 ಪುಟದ ನೋಟ್‌ಬುಕ್ ತಗೊಂಡು ಒಂದೇ ಒಂದು ಬದಲಾವಣೆ ಮಾಡಿದೆ. ಮೇಷ್ಟ್ರು ಬೋರ್ಡಿನ ಮೇಲೆ ಲೆಕ್ಕ ಬರೆದ ತಕ್ಷಣ ವಿಡಿಯೋ ನಿಲ್ಲಿಸಿ ನಾನೇ ಬಿಡಿಸೋದು, ತಪ್ಪಾದರೂ ಪೂರ್ತಿ ಬಿಡಿಸಿ ಆಮೇಲೆ ಪ್ಲೇ ಒತ್ತೋದು. ಇಪ್ಪತ್ತು ನಿಮಿಷದ ವಿಡಿಯೋಗೆ ಒಂದು ಗಂಟೆ ಹಿಡಿಯಿತು. ಆದರೆ ಎಲ್ಲಿ ಕೈ ತಪ್ಪುತ್ತದೆ ಅಂತ ಗೊತ್ತಾಗಿದ್ದು ಆಗಲೇ. ನನ್ನ ಅರ್ಧ ತಪ್ಪು ಮೈನಸ್ ಚಿಹ್ನೆಯದ್ದು. ಮೈನಸ್ 3ನ್ನು ಬ್ರ್ಯಾಕೆಟ್ಟಿನಲ್ಲಿ ಇಟ್ಟು ವರ್ಗ ಮಾಡಿದರೆ 9, ಬ್ರ್ಯಾಕೆಟ್ ಇಲ್ಲದೆ ಬರೆದರೆ 3ರ ವರ್ಗಕ್ಕೆ ಮುಂದೆ ಮೈನಸ್, ಅಂದರೆ ಮೈನಸ್ 9. ಇದು ಎಂಟನೇ ಕ್ಲಾಸಿನ ವಿಷಯ, ಗೊತ್ತು, ಆದರೆ ನನಗೆ ಪರೀಕ್ಷೆ ಕೈತಪ್ಪಿದ್ದು ಇಂಥದ್ದರಲ್ಲೇ.

ಇನ್ನೊಂದು ವಿಷಯ. ಕೆಲವು ಪ್ರಶ್ನೆಗಳಿಗೆ ಒಂದಕ್ಕಿಂತ ಹೆಚ್ಚು ಉತ್ತರ ಸರಿ ಇರುತ್ತವೆ. ಕೆಲವಕ್ಕೆ ಆಯ್ಕೆಗಳೇ ಇರುವುದಿಲ್ಲ, ಸಂಖ್ಯೆಯನ್ನು ನಾವೇ ಟೈಪ್ ಮಾಡಬೇಕು. ಊಹೆ ಮಾಡಿ ಟಿಕ್ ಹಾಕುವ ಅಭ್ಯಾಸ ಇದ್ದರೆ ಅದು ಇಲ್ಲಿ ನಡೆಯುವುದಿಲ್ಲ. ವಾರಕ್ಕೆ ಒಂದು ವಿಷಯಕ್ಕೆ ಸುಮಾರು 10 ಗಂಟೆ ಬೇಕು ಅಂತ ಅವರೇ ಹೇಳುತ್ತಾರೆ, ಗಣಿತ ಬಿಟ್ಟು ತುಂಬಾ ವರ್ಷ ಆಗಿದ್ದರೆ ಅದಕ್ಕಿಂತ ಜಾಸ್ತಿಯೇ ಬೇಕಾಗುತ್ತದೆ. ಕ್ವಾಲಿಫೈಯರ್ ಮುಗಿದರೆ ಆಮೇಲೆ ಒಂದು ಟರ್ಮಿಗೆ ಒಂದೋ ಎರಡೋ ವಿಷಯ ತಗೊಂಡರೂ ನಡೆಯುತ್ತದೆ, ಮಗು ಇರುವವರಿಗೆ ಅದೇ ವಾಸಿ.

ಹಾಸನದಿಂದ_ಡಲ್ಲಾಸ್:

ನಾನು ಇಲ್ಲಿ ಅಮೆರಿಕದಲ್ಲಿ ಕಮ್ಯುನಿಟಿ ಕಾಲೇಜಿನಲ್ಲಿ ಕಾಲೇಜ್ ಆಲ್ಜೀಬ್ರಾ ಆನ್‌ಲೈನ್ ಮಾಡಿದೆ. ನನ್ನದೂ ಕಾಮರ್ಸೇ. ಕೋರ್ಸ್ ಬೇರೆ, ಆದರೆ ಕಷ್ಟ ಒಂದೇ ಅನ್ನಿಸಿತು, ಅದಕ್ಕೇ ಬರೆಯುತ್ತಿದ್ದೇನೆ. ಓಪನ್‌ಸ್ಟ್ಯಾಕ್ಸ್‌ನವರ ಕಾಲೇಜ್ ಆಲ್ಜೀಬ್ರಾ ಪುಸ್ತಕ ಪೂರ್ತಿ ಉಚಿತವಾಗಿ ಸಿಗುತ್ತದೆ, ಫಂಕ್ಷನ್, ಸರಳರೇಖೆ, ಪಾಲಿನಾಮಿಯಲ್ ಮೂರಕ್ಕೂ ಅದರಲ್ಲಿ ಬೇಕಾದಷ್ಟು ಲೆಕ್ಕಗಳಿವೆ. ಗ್ರಾಫ್ ನೋಡೋಕೆ ಡೆಸ್ಮೋಸ್ ಬಳಸಿ, ಫೋನಿನಲ್ಲೇ ನಡೆಯುತ್ತದೆ. ಒಂದು ಸಂಖ್ಯೆ ಬದಲಾಯಿಸಿದರೆ ಗೆರೆ ಹೇಗೆ ವಾಲುತ್ತದೆ ಅಂತ ಕಣ್ಣಾರೆ ಕಾಣುತ್ತದೆ.

ಒಂದು ಎಚ್ಚರಿಕೆ ಮಾತ್ರ. ಉತ್ತರ ಟೈಪ್ ಮಾಡುವಾಗ ಯಾವ ರೂಪದಲ್ಲಿ ಕೇಳಿದ್ದಾರೆ ಅಂತ ಎರಡು ಸಲ ಓದಿ. ನಾನು ಮೂರನೇ ಒಂದು ಅಂತ ಬರೆಯಬೇಕಾದಲ್ಲಿ 0.33 ಅಂತ ಬರೆದು ಅಂಕ ಕಳೆದುಕೊಂಡಿದ್ದೇನೆ. ಬೇಜಾರಾಗಿತ್ತು, ಆದರೆ 0.33 ಮತ್ತು ಮೂರನೇ ಒಂದು ಬೇರೆ ಬೇರೆ ಸಂಖ್ಯೆಗಳೇ ಅಲ್ವಾ.

ಪಿಯು_ಗಣಿತ_ಮೇಷ್ಟ್ರು:

ಮೇಡಂ, ನಾನು ಇಪ್ಪತ್ತು ವರ್ಷಕ್ಕೂ ಜಾಸ್ತಿ ಪಿಯು ಮಕ್ಕಳಿಗೆ ಗಣಿತ ಹೇಳಿದ್ದೇನೆ. ಕನ್ನಡ ಮಾಧ್ಯಮದಿಂದ ಬಂದ ಮಕ್ಕಳು ಮೊದಲ ಎರಡು ತಿಂಗಳು ಹಿಂದಿನ ಬೆಂಚಿನಲ್ಲಿ ಬಾಯಿ ಬಿಡದೆ ಕೂರುವುದನ್ನು ಪ್ರತಿ ವರ್ಷ ನೋಡಿದ್ದೇನೆ. ಅವರಿಗೆ ಗಣಿತ ಬರುವುದಿಲ್ಲ ಅಂತಲ್ಲ, ಹೆಸರುಗಳು ಬದಲಾಗಿರುತ್ತವೆ, ಅಷ್ಟೇ. ನಿಮ್ಮ ಎರಡು ಲೆಕ್ಕದಲ್ಲಿ ಪ್ರಶ್ನೆಯೇ ತಿಳಿಯಲಿಲ್ಲ ಅಂದಿರಲ್ಲ, ನನಗೆ ಅನುಮಾನ ಅಲ್ಲೇ.

ಒಂದು ಹಾಳೆ ತಗೊಂಡು ಎಡಕ್ಕೆ ಕನ್ನಡ, ಬಲಕ್ಕೆ ಇಂಗ್ಲಿಷ್ ಬರೆಯಿರಿ. ಗಣ ಅಂದರೆ ಸೆಟ್. ಉಪಗಣ ಸಬ್‌ಸೆಟ್. ಸಂಯೋಗ ಯೂನಿಯನ್, ಛೇದನ ಇಂಟರ್‌ಸೆಕ್ಷನ್. ಭಾಗಲಬ್ಧ ಸಂಖ್ಯೆ ರ‍್ಯಾಷನಲ್ ನಂಬರ್. ವರ್ಗ ಸಮೀಕರಣ ಕ್ವಾಡ್ರಾಟಿಕ್ ಇಕ್ವೇಷನ್. ಬಹುಪದೋಕ್ತಿ ಪಾಲಿನಾಮಿಯಲ್. ನಿಮಗೆ ಹೊಸದು ಅನ್ನಿಸಿದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಹಳೇ ಪರಿಚಯವೇ ಅಂತ ಆಗ ಗೊತ್ತಾಗುತ್ತದೆ.

ಫಂಕ್ಷನ್ ಮಾತ್ರ ಸ್ವಲ್ಪ ಕೂತು ಅರ್ಥ ಮಾಡಿಕೊಳ್ಳಬೇಕು. ಅದನ್ನು ನಿಮ್ಮ ಆಫೀಸಿನಿಂದಲೇ ಹೇಳುತ್ತೇನೆ. ನಿಮ್ಮ ಸಂಘದಲ್ಲಿ ಒಬ್ಬೊಬ್ಬರ ಹೆಸರಿನಲ್ಲಿ ಇರುವ ಉಳಿತಾಯ ಖಾತೆಗಳನ್ನು ಮಾತ್ರ ತಗೊಳ್ಳಿ, ಜಂಟಿ ಖಾತೆ ಬೇಡ. ಖಾತೆ ಸಂಖ್ಯೆ ಹೇಳಿದರೆ ಅದು ಯಾವ ಸದಸ್ಯರದ್ದು ಅಂತ ಒಂದೇ ಉತ್ತರ ಬರುತ್ತದೆ. ಹಾಗಾಗಿ ಖಾತೆಯಿಂದ ಸದಸ್ಯರಿಗೆ ಹೋಗುವ ಸಂಬಂಧ ಒಂದು ಫಂಕ್ಷನ್. ತಿರುಗಿಸಿ ನೋಡಿ. ಸದಸ್ಯರ ಹೆಸರು ಹೇಳಿದರೆ ಖಾತೆ ಯಾವುದು? ಒಬ್ಬರಿಗೆ ಎರಡು ಖಾತೆ ಇರಬಹುದು, ಇನ್ನೊಬ್ಬರಿಗೆ ಇಲ್ಲದೇ ಇರಬಹುದು. ಅದು ಫಂಕ್ಷನ್ ಅಲ್ಲ. ಇನ್ನು ಮೊದಲನೆಯದಕ್ಕೇ ಬನ್ನಿ. ಒಬ್ಬ ಸದಸ್ಯರಿಗೆ ಎರಡು ಖಾತೆ ಇದ್ದರೆ ಅದು ಒನ್-ಒನ್ (ಬೇರೆ ಬೇರೆ ಖಾತೆಗೆ ಬೇರೆ ಬೇರೆ ಸದಸ್ಯರು) ಅಲ್ಲ. ಖಾತೆಯೇ ಇಲ್ಲದ ಸದಸ್ಯರು ಒಬ್ಬರಾದರೂ ಇದ್ದರೆ ಅದು ಆನ್‌ಟೂ (ಪ್ರತಿ ಸದಸ್ಯರಿಗೂ ಒಂದಾದರೂ ಖಾತೆ) ಅಲ್ಲ. ಪುಸ್ತಕದಲ್ಲಿ ಬಾಣದ ಗುರುತು ಹಾಕಿ ತೋರಿಸುವುದು ಇಷ್ಟನ್ನೇ.

ಓದುವುದಕ್ಕೆ ಬೇರೆ ಪುಸ್ತಕ ಹುಡುಕಬೇಡಿ. ಪ್ರಥಮ ಪಿಯು ಗಣಿತ ಎನ್‌ಸಿಇಆರ್‌ಟಿಯದ್ದೇ, ಮೊದಲ ಎರಡು ಪಾಠ ಸೆಟ್ಸ್ ಮತ್ತು ರಿಲೇಶನ್ಸ್ ಅಂಡ್ ಫಂಕ್ಷನ್ಸ್, ಮುಂದೆ ಸ್ಟ್ರೇಟ್ ಲೈನ್ಸ್ ಕೂಡ ಇದೆ. ಅದಕ್ಕೂ ಮುಂಚೆ ಹತ್ತನೇ ಕ್ಲಾಸಿನ ಕನ್ನಡ ಪುಸ್ತಕದಲ್ಲಿ ವರ್ಗ ಸಮೀಕರಣ ಮತ್ತು ಬಹುಪದೋಕ್ತಿ, ಈ ಎರಡು ಪಾಠದ ಅಭ್ಯಾಸ ಪೂರ್ತಿ ಮಾಡಿ. ಕನ್ನಡದಲ್ಲೇ ಕೇಳಬೇಕು ಅಂದರೆ ಖಾನ್ ಅಕಾಡೆಮಿಯಲ್ಲಿ ಕನ್ನಡದ ಪಾಠಗಳಿವೆ. ಎರಡು ತಿಂಗಳು ಇಷ್ಟು ಮಾಡಿ, ಆಮೇಲೆ ಅರ್ಜಿ ಹಾಕಿ.

ಇವತ್ತು ರಾತ್ರಿಗೆ ಒಂದು ಲೆಕ್ಕ ಕೊಡುತ್ತೇನೆ, ಎರಡನೇ ವಾರದ ಪಾಠದ್ದು. ಮೂರು ಬಿಂದುಗಳು: (1, 4), (2, 5), (3, 9). ವೈ = 2ಎಕ್ಸ್ + 2 ಅನ್ನುವ ಗೆರೆ ಇವಕ್ಕೆ ಎಷ್ಟು ಹತ್ತಿರ ಇದೆ ಅಂತ ನೋಡಿ ಹೇಳಿ.

ಸಾಗರ_ಅಕೌಂಟ್ಸ್:

ಸರ್, ತುಂಬಾ ಧನ್ಯವಾದ. ಖಾತೆಯ ಉದಾಹರಣೆ ಓದಿದ ಕೂಡಲೇ ಒನ್-ಒನ್, ಆನ್‌ಟೂ ಎರಡೂ ತಲೆಗೆ ಹೋಯ್ತು. ಮೊದಲು ತಪ್ಪಾಗಿದ್ದ ಏಳು ಲೆಕ್ಕದಲ್ಲಿ ನಾಲ್ಕನ್ನು ಈಗ ನಾನೇ ಸರಿ ಮಾಡಿದೆ.

ನೀವು ಕೊಟ್ಟ ಲೆಕ್ಕ ಮಗಳು ಮಲಗಿದ ಮೇಲೆ ಮಾಡಿದೆ. ಎಕ್ಸ್ 1, 2, 3 ಹಾಕಿದರೆ ಗೆರೆ 4, 6, 8 ಕೊಡುತ್ತದೆ. ನಿಜವಾದ್ದು 4, 5, 9. ವ್ಯತ್ಯಾಸ 0, ಮೈನಸ್ 1, ಪ್ಲಸ್ 1. ಕೂಡಿದರೆ ಸೊನ್ನೆ. ಅಂದರೆ ಗೆರೆ ಸರಿಯಾಗಿ ಹೊಂದಿಕೊಂಡಿದೆ ಅಂತಲೇ? ಆದರೆ ಎರಡು ಬಿಂದು ಗೆರೆ ಮೇಲೆ ಇಲ್ಲವೇ ಇಲ್ಲ, ಅದೇ ಗೊಂದಲ.

ಪಿಯು_ಗಣಿತ_ಮೇಷ್ಟ್ರು:

ಗೊಂದಲ ಆಗಿದ್ದೇ ಒಳ್ಳೆಯದಾಯ್ತು. ಕ್ಯಾಶ್ ಪುಸ್ತಕದ ಒಂದೇ ಬದಿಯಲ್ಲಿ ಒಂದು ನಮೂದನ್ನು ನೂರು ರೂಪಾಯಿ ಕಡಿಮೆ ಬರೆದು ಇನ್ನೊಂದು ನಮೂದನ್ನು ನೂರು ಜಾಸ್ತಿ ಬರೆದರೆ ಮೊತ್ತ ತಾಳೆ ಆಗುತ್ತದೆ, ಆದರೆ ತಪ್ಪು ಎರಡಿವೆ. ಇಲ್ಲೂ ಹಾಗೇ. ಪ್ಲಸ್ ಮೈನಸ್ ಒಂದನ್ನೊಂದು ಹೊಡೆದುಹಾಕಬಾರದು ಅಂತಲೇ ಪ್ರತಿ ವ್ಯತ್ಯಾಸವನ್ನು ವರ್ಗ ಮಾಡಿ ಆಮೇಲೆ ಕೂಡುತ್ತಾರೆ. 0, 1, 1, ಒಟ್ಟು 2. ಕೋರ್ಸಿನಲ್ಲಿ ಎಸ್‌ಎಸ್‌ಇ (ವ್ಯತ್ಯಾಸಗಳ ವರ್ಗಗಳ ಮೊತ್ತ) ಅಂತ ಬರುವುದು ಇದೇ. ಈಗ ವೈ = 2.5ಎಕ್ಸ್ + 1 ಹಾಕಿ ನೋಡಿ.

ಸಾಗರ_ಅಕೌಂಟ್ಸ್:

3.5, 6, 8.5 ಬಂತು. ವ್ಯತ್ಯಾಸ 0.5, ಮೈನಸ್ 1, 0.5. ಸುಮ್ನೆ ಕೂಡಿದರೆ ಇದೂ ಸೊನ್ನೆಯೇ! ವರ್ಗ ಮಾಡಿದರೆ 0.25, 1, 0.25, ಒಟ್ಟು 1.5. ಹಾಗಾದರೆ ಈ ಗೆರೆಯೇ ವಾಸಿ. ಆದರೆ ಸರ್, ಇದಕ್ಕಿಂತ ಕಡಿಮೆ ಬರುವ ಮೂರನೇ ಗೆರೆ ಇಲ್ಲ ಅಂತ ಹೇಗೆ ಹೇಳೋದು? ಒಂದೊಂದೇ ಹಾಕಿ ನೋಡುತ್ತಾ ಕೂತರೆ ಮುಗಿಯೋದೇ ಇಲ್ಲ ಅಲ್ವಾ?

ಪಿಯು_ಗಣಿತ_ಮೇಷ್ಟ್ರು:

ಈ ಪ್ರಶ್ನೆ ನೀವಾಗಿಯೇ ಕೇಳಿದ್ದು ನನಗೆ ಬಹಳ ಸಂತೋಷ ಆಯ್ತು. ಮೂರು ಎಕ್ಸ್‌ಗಳ ಸರಾಸರಿ 2, ಮೂರು ವೈಗಳ ಸರಾಸರಿ 6. ಎಲ್ಲಕ್ಕಿಂತ ಹತ್ತಿರದ ಗೆರೆ (2, 6) ಮೂಲಕವೇ ಹೋಗುತ್ತದೆ, ಅದನ್ನು ಈಗ ನಂಬಿಕೊಳ್ಳಿ, ಸಾಧನೆ ಆಮೇಲೆ ಮಾಡೋಣ. ನೀವು ನೋಡಿದ ಎರಡು ಗೆರೆಗಳೂ ಅದರ ಮೂಲಕವೇ ಹೋಗುತ್ತವೆ. ಈಗ ಸ್ಲೋಪನ್ನು, ಅಂದರೆ ಎಕ್ಸ್ ಒಂದು ಹೆಚ್ಚಿದಾಗ ವೈ ಎಷ್ಟು ಹೆಚ್ಚುತ್ತದೆ ಅನ್ನುವುದನ್ನು, ಎಮ್ ಅಂತ ಇಟ್ಟುಕೊಳ್ಳಿ. ಗೆರೆ ವೈ = ಎಮ್(ಎಕ್ಸ್ − 2) + 6 ಆಗುತ್ತದೆ. ವ್ಯತ್ಯಾಸಗಳು ಎಮ್ − 2, ಮೈನಸ್ 1, 3 − ಎಮ್ ಆಗುತ್ತವೆ. ಮೂರನ್ನೂ ವರ್ಗ ಮಾಡಿ ಕೂಡಿ. ಸಿಗುವುದು ಒಂದು ಕ್ವಾಡ್ರಾಟಿಕ್, ಅದು ಎಲ್ಲಿ ಅತಿ ಕಡಿಮೆ ಆಗುತ್ತದೆ ಅಂತ ಹುಡುಕಿ. ಅದು ಮೂರನೇ ವಾರದ ಪಾಠ.

ಪೀಣ್ಯ_ರಾತ್ರಿಪಾಳಿ:

ಸರ್, ನಾನು ಕ್ವಾಲಿಫೈಯರ್ ಪಾಸಾಗಿದ್ದೇನೆ, ಆದರೆ ಎರಡನೇ ವಾರಕ್ಕೂ ಮೂರನೇ ವಾರಕ್ಕೂ ಹೀಗೆ ನಂಟಿದೆ ಅಂತ ಇವತ್ತೇ ತಿಳಿದಿದ್ದು. ನಾನೂ ಮಾಡುತ್ತಿದ್ದೇನೆ.

ಸಾಗರ_ಅಕೌಂಟ್ಸ್:

ಎರಡು ಸಲ ತಪ್ಪಾಯ್ತು, 3 − ಎಮ್ ವರ್ಗ ಮಾಡುವಾಗ ಮೈನಸ್ ಬಿಟ್ಟುಬಿಟ್ಟಿದ್ದೆ. ಈಗ ಬಂದಿದ್ದು: 2ಎಮ್ ವರ್ಗ − 10ಎಮ್ + 14. ಹತ್ತನೇ ಕ್ಲಾಸಿನಲ್ಲಿ ವರ್ಗ ಪೂರ್ಣಗೊಳಿಸುವುದು ಅಂತ ಮಾಡಿದ್ದೆವಲ್ಲ, ಅದನ್ನೇ ನೆನಪು ಮಾಡಿಕೊಂಡು ಮಾಡಿದೆ. (ಎಮ್ − 2.5) ವರ್ಗದ ಎರಡರಷ್ಟು, ಅದಕ್ಕೆ 1.5 ಕೂಡಿಸಿದ್ದು. ವರ್ಗ ಯಾವತ್ತೂ ಸೊನ್ನೆಗಿಂತ ಕೆಳಗೆ ಇಳಿಯುವುದಿಲ್ಲ, ಹಾಗಾಗಿ ಎಮ್ 2.5 ಆದಾಗಲೇ ಕಡಿಮೆ, ಆ ಕಡಿಮೆ 1.5. ಅಂದರೆ (2, 6) ಮೂಲಕ ಹೋಗುವ ಗೆರೆಗಳಲ್ಲಿ ಇದಕ್ಕಿಂತ ಒಳ್ಳೆಯದು ಇಲ್ಲ. ಸರಿ ಇದೆಯಾ ಸರ್? ನೋಟ್‌ಬುಕ್ಕಿನ ಪುಟದ ಫೋಟೋ ನಾಳೆ ಹಾಕುತ್ತೇನೆ, ಈಗ ಹನ್ನೆರಡು ಗಂಟೆ ಆಗಿದೆ.