ಮುಳಬಾಗಿಲಿನಲ್ಲಿ ನಿಂತಿದ್ದೇವೆ: ಕಾರು ವಿಪರೀತ ಬಿಸಿಯಾಗುತ್ತಿದೆ, ತಿರುಪತಿಗೆ ಮುಂದುವರಿಯಬಹುದೇ?

ಅಂತರಗಂಗೆ:
ಬೆಳಗಿನ ಜಾವವೇ ಕೋಲಾರ ಬಿಟ್ಟ ನಾವು ಇನ್ನೂ ಮುಳಬಾಗಿಲನ್ನು ದಾಟಿಲ್ಲ. ಟೆಂಪರೇಚರ್ ಮುಳ್ಳು ಕೆಂಪು ಗೆರೆ ಮುಟ್ಟಿದ್ದರಿಂದ ಕಾರನ್ನು ಹೋಟೆಲೊಂದರ ಮುಂದೆ ನಿಲ್ಲಿಸಿದ್ದೇನೆ. ಅಮ್ಮ ಮತ್ತು ಮಕ್ಕಳು ಒಳಗೆ ಎರಡನೆಯ ಸುತ್ತು ದೋಸೆ ತಿನ್ನುತ್ತಿದ್ದಾರೆ. 300 ರೂಪಾಯಿಯ ದರ್ಶನದ ಟಿಕೆಟ್ ಮಾಡಿಸಿದ್ದು, ಅದರ ಸಮಯ ನಮಗಾಗಿ ಕಾಯುವುದಿಲ್ಲ. ಹೋದ ವಾರವಷ್ಟೇ ಸರ್ವೀಸ್ ಮಾಡಿಸಿ, ಎಂಜಿನ್ ತಣಿಸುವ ಹೊಸ ಕೂಲೆಂಟ್ ಹಾಕಿಸಿ, ಕೇಳಿದಷ್ಟು ದುಡ್ಡು ಕೊಟ್ಟು ತಂದ ಗಾಡಿ ಇದು. ಏನಾಗಿರಬಹುದೆಂದು ದಯವಿಟ್ಟು ಬೇಗ ತಿಳಿಸಿ.

ಹಳೇಡೀಸೆಲ್:
ಎಂಜಿನ್ನಿನ ಮೇಲ್ಭಾಗದ ಸಂದು ಮುಚ್ಚುವ ಹೆಡ್ ಗ್ಯಾಸ್ಕೆಟ್ ಹೋಗಿದೆ, ಅನುಮಾನವೇ ಬೇಡ. ಗಾಡಿಯನ್ನು ಟೋ ಮಾಡಿಸಿಕೊಂಡು ಕೋಲಾರಕ್ಕೆ ಮರಳಿ.

ತಂತಿಮಾಂತ್ರಿಕ:
ಯಾವ ಗಾಡಿ, ಮುಳ್ಳು ಏರಿದ್ದು ಓಡುವಾಗಲೋ ನಿಂತಾಗಲೋ, ಫ್ಯಾನ್ ತಿರುಗುತ್ತಿದೆಯೋ ಇಲ್ಲವೋ ಎಂಬ ಮೂರರಲ್ಲಿ ಒಂದನ್ನೂ ನೀವು ಹೇಳಿಲ್ಲ. ಅದಕ್ಕೂ ಮೊದಲು, ಎಂಜಿನ್ ತಣ್ಣಗಾಗುವ ತನಕ ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಬೇಡಿ. ಒಳಗೆ ಒತ್ತಡವಿರುವುದರಿಂದಲೇ 100 ಡಿಗ್ರಿ ದಾಟಿದರೂ ಕೂಲೆಂಟ್ ಕುದಿಯದೆ ನಿಂತಿರುತ್ತದೆ. ಮುಚ್ಚಳ ಸಡಿಲವಾದ ಕ್ಷಣವೇ ಕುದಿದು ಮುಖಕ್ಕೆ ಚಿಮ್ಮುತ್ತದೆ.

ಪಾಲಾರ್:
ಗ್ಯಾರೇಜಿನವರು ಕೂಲೆಂಟಿಗೆ ಬೆರೆಸಿದ್ದು ಯಾವ ನೀರು ಎಂದು ವಿಚಾರಿಸಿ. ನಮ್ಮ ಜಿಲ್ಲೆಯ ಕೊಳವೆಬಾವಿ ನೀರಿಗೆ ಸ್ನಾನದ ಹಂಡೆಯ ತಳವೇ ಬೆಳ್ಳಗೆ ಪೊರೆ ಕಟ್ಟುವಾಗ, ರೇಡಿಯೇಟರಿನ ಸಣ್ಣ ನಳಿಗೆಗಳ ಗತಿ ಏನಾಗಬೇಡ? ಡಿಸ್ಟಿಲ್ಡ್ ವಾಟರ್ ಬಿಟ್ಟು ಬೇರೇನನ್ನೂ ಹಾಕಬಾರದು. ಸದ್ಯಕ್ಕೆ, ಬಿಸಿಗೆ ತಕ್ಕಂತೆ ಕೂಲೆಂಟಿನ ಹರಿವನ್ನು ತಡೆದು ಬಿಡುವ ಥರ್ಮೋಸ್ಟಾಟನ್ನು ಕಿತ್ತುಹಾಕಿಸಿದರೆ ತಿರುಪತಿಯವರೆಗೆ ಚಿಂತೆಯಿಲ್ಲ.

ತಂತಿಮಾಂತ್ರಿಕ:
ನೀರಿನ ಮಾತನ್ನು ಒಪ್ಪುತ್ತೇನೆ, ಆದರೆ ಪೊರೆ ಒಂದು ವಾರದಲ್ಲಿ ಕಟ್ಟುವಂಥದ್ದಲ್ಲ. ಥರ್ಮೋಸ್ಟಾಟ್ ಕೀಳಿಸುವ ಸಲಹೆಯನ್ನಂತೂ ಒಪ್ಪಲಾರೆ. ಅದಿಲ್ಲದ ಎಂಜಿನ್ ಸರಿಯಾದ ಬಿಸಿಗೆ ಬರುವುದೇ ಇಲ್ಲ, ಪೆಟ್ರೋಲನ್ನೂ ಹೆಚ್ಚು ಕುಡಿಯುತ್ತದೆ.

ಪಾಲಾರ್:
ನಮ್ಮ ಊರಿನ ಟ್ಯಾಕ್ಸಿಗಳಲ್ಲಿ ಅರ್ಧಕ್ಕರ್ಧ ಥರ್ಮೋಸ್ಟಾಟ್ ಇಲ್ಲದೆಯೇ ಓಡುತ್ತಿವೆ ಸ್ವಾಮಿ. ಪುಸ್ತಕದ ಮಾತು ಬೇರೆ, ರಸ್ತೆಯ ಮಾತು ಬೇರೆ.

ಹಳೇಡೀಸೆಲ್:
ಗ್ಯಾಸ್ಕೆಟ್ಟೇ ಎಂದು ಮತ್ತೆ ಹೇಳುತ್ತೇನೆ. ನನ್ನ ಡೀಸೆಲ್ ಗಾಡಿಗೆ ಅಲ್ಯೂಮಿನಿಯಂನ ದೊಡ್ಡ ರೇಡಿಯೇಟರ್ ಕೂರಿಸಿದ ಮೇಲೆ, ಒಂಬತ್ತು ಜನರನ್ನು ತುಂಬಿಕೊಂಡು ನಂದಿಬೆಟ್ಟ ಹತ್ತಿದರೂ ಮುಳ್ಳು ಮಿಸುಕುವುದಿಲ್ಲ.

ಅಂತರಗಂಗೆ:
ಪೆಟ್ರೋಲ್ ಗಾಡಿ, ಎಂಟು ವರ್ಷ ಹಳೆಯದು. ಹೆದ್ದಾರಿಯಲ್ಲಿ ಓಡುವಾಗ ಮುಳ್ಳು ನಡುವೆಯೇ ಇತ್ತು. ಟೋಲ್ ಸಾಲಿನಲ್ಲಿ ತೆವಳುವಾಗ ಏರಿ, ಮತ್ತೆ ವೇಗ ಹಿಡಿದಾಗ ಇಳಿಯಿತು, ಊರೊಳಗಿನ ಜನಸಂದಣಿಯಲ್ಲಿ ಪುನಃ ಏರಿತು. ನಿಂತಾಗ ಎಸಿಯೂ ತಣ್ಣಗೆ ಬರುತ್ತಿರಲಿಲ್ಲ, ಆದರೆ ಅದು ಬೇರೆಯೇ ವಿಷಯವಾದ್ದರಿಂದ ಬರೆಯಲಿಲ್ಲ. ಗ್ಯಾಸ್ಕೆಟ್ ಹೋಗಿದೆಯೇ ಎಂದೂ ನೋಡಿದೆ: ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಎಂದಿನಂತೆ ಕಾಣುತ್ತಿದೆ, ಸೈಲೆನ್ಸರಿನಿಂದ ಬಿಳಿ ಹೊಗೆಯೂ ಬರುತ್ತಿಲ್ಲ.

ತಂತಿಮಾಂತ್ರಿಕ:
ಅದು ಬೇರೆ ವಿಷಯವಲ್ಲ ಸರ್, ಅದೇ ವಿಷಯ. ಗಾಡಿ ಓಡುವಾಗ ರೇಡಿಯೇಟರಿಗೂ ಅದರ ಮುಂದಿರುವ, ಎಸಿಯ ಬಿಸಿ ಹೊರಹಾಕುವ ಕಂಡೆನ್ಸರಿಗೂ ಎದುರುಗಾಳಿಯೇ ಸಾಕಾಗುತ್ತದೆ; ನಿಂತಾಗ ಮಾತ್ರ ಎರಡಕ್ಕೂ ಫ್ಯಾನೇ ಗತಿ. ನಿಂತಾಗ ಎರಡೂ ಒಟ್ಟಿಗೆ ಕೈಕೊಟ್ಟಿವೆ ಎಂದರೆ ಫ್ಯಾನ್ ತಿರುಗುತ್ತಿಲ್ಲ. ಎಂಜಿನ್ ತಣ್ಣಗಾದ ಮೇಲೆ ಸ್ಟಾರ್ಟ್ ಮಾಡಿ, ಎಸಿ ಹಾಕಿ, ಬಾನೆಟ್ ಎತ್ತಿ ನೋಡಿ. ತಿರುಗದಿದ್ದರೆ ಮೊದಲು ಫ್ಯೂಸ್ ಪರೀಕ್ಷಿಸಿ. ಅದು ಸರಿಯಿದ್ದರೆ ಎಂಜಿನ್ ಆಫ್ ಮಾಡಿ, ಫ್ಯಾನಿನ ರಿಲೇ (ಅದಕ್ಕೆ ಕರೆಂಟ್ ಹರಿಸುವ ಸಣ್ಣ ಸ್ವಿಚ್) ತೆಗೆದು ಹಾರನ್ನಿನ ರಿಲೇಯನ್ನು ಆ ಜಾಗದಲ್ಲಿ ಕೂರಿಸಿ. ಎರಡರ ಆಂಪಿಯರ್ ಸಂಖ್ಯೆಯೂ ಕಾಲುಗಳ ಜೋಡಣೆಯೂ ಒಂದೇ ಆಗಿದ್ದರೆ ಮಾತ್ರ. ಆಗಲೂ ತಿರುಗದಿದ್ದರೆ ಎಲೆಕ್ಟ್ರಿಷಿಯನ್ ಒಬ್ಬರಿಂದ ಬ್ಯಾಟರಿಯ ನೇರ ಸಂಪರ್ಕವನ್ನು ಮೋಟರಿಗೆ ಕೊಡಿಸಿ ನೋಡಿ, ಮೋಟರ್ ಸತ್ತಿದೆಯೋ ಇಲ್ಲವೋ ಗೊತ್ತಾಗುತ್ತದೆ. ಕೈ, ಶಾಲು, ಸೀರೆಯ ಸೆರಗು ಯಾವುದೂ ಫ್ಯಾನಿನ ಹತ್ತಿರ ಸುಳಿಯಬಾರದು.

ಹಳೇಡೀಸೆಲ್:
ಗ್ಯಾಸ್ಕೆಟ್ ಹೋಗಲು ಆರಂಭಿಸಿದಾಗಲೂ ಹೀಗೆಯೇ ಏರಿಳಿತವಿರುತ್ತದೆ.

ಅಂತರಗಂಗೆ:
ಫ್ಯೂಸ್ ಸರಿಯಿತ್ತು. ಹಾರನ್ ರಿಲೇ ಹಾಕಿದ ಕೂಡಲೇ ಫ್ಯಾನ್ ಸದ್ದು ಮಾಡಿ ತಿರುಗಿತು. ಹಳೆಯ ರಿಲೇಯ ಒಂದು ಕಾಲು ಕಂದು ಬಣ್ಣಕ್ಕೆ ತಿರುಗಿ, ಅದರ ಸುತ್ತಲಿನ ಪ್ಲಾಸ್ಟಿಕ್ ಉಬ್ಬಿದೆ. ಈಗ ಹಾರನ್ ಇಲ್ಲ. ಹೀಗೆಯೇ ತಿರುಮಲದ ಘಾಟಿ ಹತ್ತಬಹುದೇ?

ತಂತಿಮಾಂತ್ರಿಕ:
ಹಾರನ್ ಇಲ್ಲದೆ ಹೆದ್ದಾರಿಗೆ ಇಳಿಯಬೇಡಿ, ಅಲ್ಲಿಯೇ ಆಟೋ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಅದೇ ಆಂಪಿಯರಿನ ಹೊಸ ರಿಲೇ ಕೊಳ್ಳಿ. ಕಾಲು ಸುಟ್ಟಿರುವುದರಿಂದ ಸಾಕೆಟ್ ಸಡಿಲವಾಗಿದೆಯೇ, ಮೋಟರ್ ಹೆಚ್ಚು ಕರೆಂಟ್ ಎಳೆಯುತ್ತಿದೆಯೇ ಎಂಬುದನ್ನೂ ನೋಡಿಸಬೇಕು. ಎಂಜಿನ್ ಪೂರ್ತಿ ತಣ್ಣಗಾದಾಗ ಕೂಲೆಂಟ್ ಮಟ್ಟ ನೋಡಿಕೊಳ್ಳಿ. ದಾರಿಯಲ್ಲಿ ಮುಳ್ಳು ಮತ್ತೆ ಏರಿದರೆ ಎಸಿ ಆರಿಸಿ ಹೀಟರನ್ನು ಪೂರ್ತಿ ಹಾಕಿ, ಜಾಗ ಸಿಕ್ಕ ಕೂಡಲೇ ನಿಲ್ಲಿಸಿ.

ಪಾಲಾರ್:
ನಂಗಲಿ, ಪಲಮನೇರು ದಾಟಿದ ಮೇಲೆ ಚಿತ್ತೂರಿನ ಕಡೆಗೆ ಇಳಿಜಾರೇ ಇರುವುದರಿಂದ ಎಂಜಿನ್ನಿಗೆ ಅಷ್ಟು ಭಾರವಿಲ್ಲ. ಬ್ರೇಕನ್ನೇ ನೆಚ್ಚದೆ ಕಡಿಮೆ ಗೇರಿನಲ್ಲಿ ಇಳಿಯಿರಿ. ತಿರುಮಲದ ಏರಿಗೆ ಮಾತ್ರ ಈ ಗಾಡಿಯನ್ನು ಇವತ್ತು ನಂಬಬೇಡಿ. ಕಾರನ್ನು ಕೆಳಗೆ ತಿರುಪತಿಯಲ್ಲಿಯೇ ನಿಲ್ಲಿಸಿ ಬಸ್ಸಿನಲ್ಲಿ ಮೇಲೆ ಹೋದರೆ ವಯಸ್ಸಾದ ಅಮ್ಮನವರಿಗೂ ಅನುಕೂಲ. ಥರ್ಮೋಸ್ಟಾಟಿನ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ.

ಶಿರಾದವನು:
ನನ್ನ ಕಾರಿನಲ್ಲಿಯೂ ಇದೇ ಸಮಸ್ಯೆ ಇದೆ. ತುಮಕೂರಿನ ಸಂಚಾರದಲ್ಲಿ ಮುಳ್ಳು ಸರಿಯಾಗಿರುತ್ತದೆ, ಹೆದ್ದಾರಿಯಲ್ಲಿ ಶಿರಾ ಕಡೆಗೆ ವೇಗವಾಗಿ ಹೊರಟಾಗ ಏರುತ್ತದೆ. ನಾನೂ ರಿಲೇ ಬದಲಾಯಿಸಲೇ?

ತಂತಿಮಾಂತ್ರಿಕ:
ನಿಮ್ಮದು ಇದಕ್ಕೆ ತಿರುಗುಮುರುಗು. ನಿಂತಾಗ ಸರಿಯಿದ್ದು ಓಡುವಾಗ ಬಿಸಿಯಾಗುತ್ತಿದ್ದರೆ ರಿಲೇಯನ್ನು ಮುಟ್ಟಬೇಡಿ; ರೇಡಿಯೇಟರ್ ಕಟ್ಟಿಕೊಂಡಿರಬಹುದು, ಥರ್ಮೋಸ್ಟಾಟ್ ಪೂರ್ತಿ ತೆರೆಯದಿರಬಹುದು, ವಾಟರ್ ಪಂಪ್ ಸೋತಿರಬಹುದು. ಯಾವ ಗಾಡಿ, ಕೂಲೆಂಟ್ ಕಡಿಮೆಯಾಗುತ್ತಿದೆಯೇ, ಕೊನೆಯ ಬಾರಿ ಬದಲಾಯಿಸಿದ್ದು ಯಾವಾಗ, ಹಾಕಿಸಿದ್ದು ಯಾವ ನೀರು ಎಂಬುದನ್ನೆಲ್ಲ ಬರೆದು ಬೇರೆಯೇ ಚರ್ಚೆಯನ್ನು ಆರಂಭಿಸಿ.