ಕೈಯಾರೆ ಕೆತ್ತಿದ ಲೂರ್ ಪಲ್ಟಿ ಹೊಡೆಯುತ್ತಿದೆ, ಏನು ಮಾಡಲಿ?

ಹೊಸಗಾಳ: ಮ್ಯಾಸಚೂಸೆಟ್ಸ್‌ನಲ್ಲಿದ್ದೇನೆ. ಬಾಸ್ ಮೀನು ಹಿಡಿಯೋಣ ಅಂತ ಬಾಲ್ಸಾ ಮರದಲ್ಲಿ ನಾಲ್ಕು ಇಂಚಿನ ಲೂರ್, ಅಂದರೆ ಗಾಳಕ್ಕೆ ಕಟ್ಟುವ ನಕಲಿ ಮೀನು, ಕೆತ್ತಿದೆ. ಬಣ್ಣ ಹೊಡೆದೆ, ನೀರು ಇಳಿಯದ ಹಾಗೆ ಎರಡು ಕೋಟ್ ಎಪಾಕ್ಸಿ ಅಂಟು ಬಳಿದೆ. ನೀರಲ್ಲಿ ಎಳೆದರೆ ಅಂಗಾತ ಬೀಳುತ್ತದೆ. ಊರಲ್ಲಿ ಎರೆಹುಳ ಚುಚ್ಚಿ ಹಿಡಿದವನು ನಾನು, ಕೆತ್ತನೆ ಇದೇ ಮೊದಲು. ತಪ್ಪು ಎಲ್ಲಿ?

ಟೆಕ್ಸಾಸ್ ತಿಮ್ಮ: ಕೆತ್ತಿದ್ದೇ ತಪ್ಪು. ಅಂಗಡಿಯಲ್ಲಿ ಸಿಗುವುದಕ್ಕೆ ಇಷ್ಟು ಒದ್ದಾಟ ಯಾಕೆ? ಪ್ಲಾಸ್ಟಿಕ್ ಹುಳ ತಗೊಳ್ಳಿ, ಟೆಕ್ಸಾಸ್ ರಿಗ್ ಅನ್ನೋ ರೀತಿಯಲ್ಲಿ ಗಾಳಕ್ಕೆ ಕಟ್ಟಿ. ಗಾಳದ ಮೊನೆ ಹುಳದೊಳಗೇ ಅಡಗಿರುತ್ತದೆ, ಜೊಂಡಿನ ಮಧ್ಯೆ ಎಸೆದರೂ ಸುಲಭಕ್ಕೆ ಸಿಕ್ಕಿಕೊಳ್ಳುವುದಿಲ್ಲ.

ಚಾಕುರಾಯ: "ಅಂಗಡಿಯಲ್ಲಿ ಸಿಗುವುದಕ್ಕೆ" ಅಂತೀರಲ್ಲ, ಆ ಅಂಗಡಿ ಮಾಲು ಶುರುವಾಗಿದ್ದೂ ಚಾಕುವಿನಿಂದಲೇ. ಫಿನ್‌ಲ್ಯಾಂಡಿನ ಲೌರಿ ರಾಪಾಲಾ 1936ರಲ್ಲಿ ಕಾರ್ಕ್ ಕೆತ್ತಿ, ಚಾಕೊಲೇಟಿನ ಬೆಳ್ಳಿಕಾಗದ ಸುತ್ತಿ, ಮೇಲೆ ಫೋಟೋ ನೆಗೆಟಿವ್ ಕರಗಿಸಿ ಬಳಿದ.

ಟೆಕ್ಸಾಸ್ ತಿಮ್ಮ: ಫಿನ್‌ಲ್ಯಾಂಡಿನ ಕಥೆ ಬಾಸ್‌ಗೆ ಯಾಕೆ ಸ್ವಾಮಿ? ಬಾಸ್ ಅಂದರೆ ದಾಖಲೆ ನೋಡಿ. 1932, ಜಾರ್ಜಿಯಾ, ಜಾರ್ಜ್ ಪೆರಿ, 22 ಪೌಂಡ್ 4 ಔನ್ಸ್. ಬಿದ್ದಿದ್ದು ಕ್ರೀಕ್ ಚಬ್ ಕಂಪನಿಯ ಲೂರ್‌ಗೆ. ಅಂಗಡಿ ಮಾಲು!

ಬಿವಾ ಅಭಿಮಾನಿ: ದಾಖಲೆ ಅಂದರೆ ಪೆರಿ ಒಬ್ಬನೇನಾ? 2009ರಲ್ಲಿ ಜಪಾನಿನ ಬಿವಾ ಸರೋವರದಲ್ಲಿ ಮನಾಬು ಕುರಿಟಾ ಹಿಡಿದದ್ದು 22 ಪೌಂಡ್ 4.97 ಔನ್ಸ್. ಅದೇ ದೊಡ್ಡದು.

ಟೆಕ್ಸಾಸ್ ತಿಮ್ಮ: ದೊಡ್ಡದಲ್ಲ, ಸಮ. ಹಳೇ ದಾಖಲೆ ಮುರಿಯೋಕೆ 2 ಔನ್ಸ್ ಜಾಸ್ತಿ ಬೇಕು. ಮೀನು ಹಿಡಿದ ವಿಶ್ವದಾಖಲೆ ಇಡುವ ಸಂಸ್ಥೆ ಐಜಿಎಫ್‌ಎ, ಅದರ ನಿಯಮ ಓದಿ.

ಬಿವಾ ಅಭಿಮಾನಿ: ನಿಯಮ ಓದಿದರೆ ತಕ್ಕಡಿ ಮುಳ್ಳು ಹಿಂದೆ ಬರುತ್ತಾ? ಪೆರಿ ಮೀನನ್ನಂತೂ ಮನೆಯವರೇ ತಿಂದು ಮುಗಿಸಿದರು. ಸಾಕ್ಷಿ ಹೊಟ್ಟೆ ಸೇರಿತು.

ಟೆಕ್ಸಾಸ್ ತಿಮ್ಮ: "ತಿಂದು ಮುಗಿಸಿದರು" ಅಂತ ಆಡಿಕೊಳ್ಳಬೇಡಿ. ಅಮೆರಿಕದಲ್ಲಿ ಆಗ ಮಹಾ ಆರ್ಥಿಕ ಕುಸಿತ. ಊಟಕ್ಕೇ ಪರದಾಡುವಾಗ ಮೀನನ್ನು ಗೋಡೆಗೆ ನೇತುಹಾಕಬೇಕಿತ್ತಾ? ತೂಕ ಬರೆಸಿ ಫೀಲ್ಡ್ ಅಂಡ್ ಸ್ಟ್ರೀಮ್ ಪತ್ರಿಕೆಯ ಸ್ಪರ್ಧೆ ಗೆದ್ದ ಮನುಷ್ಯ ಅವನು.

ಚಾಕುರಾಯ: ಕುರಿಟಾ ಮೀನು ಬಿದ್ದಿದ್ದು ಗಾಳಕ್ಕೆ ಚುಚ್ಚಿದ ಜೀವಂತ ಬ್ಲೂಗಿಲ್ ಮೀನಿಗೆ. ಲೂರ್ ಮಾತಾಡುವಾಗ ಅದನ್ನು ತಂದವರು ಯಾರಪ್ಪಾ?

ಬಿವಾ ಅಭಿಮಾನಿ: ಬ್ಲೂಗಿಲ್ ಚುಚ್ಚಿದರೆ ಬಾಸ್ ತೂಕ ಇಳಿಯುತ್ತಾ?

ಟೆಕ್ಸಾಸ್ ತಿಮ್ಮ: ತಾನು ಹಿಡಿದ ಮೊಲಕ್ಕೆ ಮೂರೇ ಕಾಲು! ನಿಮ್ಮ ಜೊತೆ ಮಾತು ಮುಗಿಯಿತು.

ಬಿವಾ ಅಭಿಮಾನಿ: ಮೊಲ ಅಲ್ಲ ಗುರುವೇ, ಬಾಸ್. ಅದಕ್ಕೆ ಕಾಲೇ ಇಲ್ಲ.

ಟೆಕ್ಸಾಸ್ ತಿಮ್ಮ: ಗಾದೆ ಅರ್ಥ ಆಗದವರಿಗೆ ನಿಯಮ ಎಲ್ಲಿ ಅರ್ಥ ಆಗಬೇಕು?

ಹೊಸಗಾಳ: ನನ್ನ ಮೀನು ಇನ್ನೂ ಅಂಗಾತವೇ ಮಲಗಿದೆ.

ಹಾಸನದಕ್ಕ: ಹೊಟ್ಟೆಗೆ ಭಾರ ಇಟ್ಟಿದ್ದೀಯಾ ತಮ್ಮಾ? ಬಾಲ್ಸಾ ತೀರಾ ಹಗುರ. ಗಾಳ ಎಲ್ಲ ನೇತುಹಾಕಿ ಬಕೆಟ್‌ನಲ್ಲಿ ತೇಲಿಸು. ಬೆನ್ನು ಮೇಲಾಗಿ ನಿಲ್ಲುವವರೆಗೆ ಹೊಟ್ಟೆಯಡಿ ಸ್ವಲ್ಪ ಸ್ವಲ್ಪವೇ ತೂಕ ಅಂಟಿಸುತ್ತಾ ಹೋಗು. ಆಮೇಲೆ ಅಲ್ಲೇ ತೂತು ಕೊರೆದು ಒಳಗೆ ಕೂರಿಸು. ಲಿಪ್, ಅಂದರೆ ಲೂರ್ ಬಾಯಡಿಯ ತಗಡು, ಒಂದು ಕೂದಲಷ್ಟು ಸೊಟ್ಟಗಿದ್ದರೂ ಪಕ್ಕಕ್ಕೆ ಓಡುತ್ತದೆ, ಅದನ್ನೂ ನೋಡು. ಸೀಸ ಮಾತ್ರ ಬೇಡ, ಟಂಗ್‌ಸ್ಟನ್ ಲೋಹದ ತೂಕ ಹಾಕು. ನಿಮ್ಮ ರಾಜ್ಯದ ಕೆರೆಗಳಲ್ಲಿ ಒಂದು ಔನ್ಸ್‌ಗಿಂತ ಹಗುರಾದ ಸೀಸದ ಗುಂಡಿಗೆ 2012ರಿಂದ ನಿಷೇಧ ಇದೆ. ಲೂನ್ ಹಕ್ಕಿಗಳು ನುಂಗಿ ಸಾಯುತ್ತವೆ.

ಟೆಕ್ಸಾಸ್ ತಿಮ್ಮ: "ಸೀಸ ಮಾತ್ರ ಬೇಡ" ಅಂತ ಸುಮ್ನೆ ಹೇಳಿಬಿಟ್ಟರೆ ಆಯಿತಾ ಅಕ್ಕಾ? ಟಂಗ್‌ಸ್ಟನ್ ರೇಟು ಗೊತ್ತಾ?